ಉಂಡ ಮೇಲಿನ ಐದು ನಿಮಿಷ

ಬೀಡಿನ ಕಾವಲಿಯಿರುವ ಮನೆಗಳಲ್ಲಿ ಅದಕ್ಕೆಂದೇ ಕೆಲವು ಕಟ್ಟಳೆಗಳಿರುತ್ತವೆ. ದೋಸೆಯ ಕಾವಲಿಯಲ್ಲಿ ಚಪಾತಿ ಬೇಯಿಸಬಾರದು, ಹುಣಸೆಹುಳಿ ಬಿದ್ದ ಪದಾರ್ಥವನ್ನು ಅದರ ಮೇಲೆ ಕುದಿಸಬಾರದು, ನೀರಿನಲ್ಲಿ ನೆನೆಹಾಕಬಾರದು, ಒದ್ದೆ ಮೈಯಲ್ಲಿ ಬಿಡಲೇಬಾರದು. ಹೊಸಬರಿಗೆ ಇವು ಮಡಿ ಮೈಲಿಗೆಯ ಮಾತುಗಳಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ಒಂದೊಂದರ ಹಿಂದೆಯೂ ಲೋಹದ ಸ್ವಭಾವವನ್ನು ಪುಸ್ತಕದಿಂದಲ್ಲದೆ ಕೈಯಿಂದಲೇ ಅರಿತವರ ತಿಳಿವಳಿಕೆಯಿದೆ.

ಬೀಡು ಕಬ್ಬಿಣದಲ್ಲಿ ಸುಮಾರು ಶೇ. 2ರಿಂದ 4ರಷ್ಟು ಇಂಗಾಲ ಬೆರೆತಿರುತ್ತದೆ. ಕರಗಿಸಿ ಅಚ್ಚಿಗೆ ಸುರಿಯಲು ಅದು ಒದಗಿಬರುವುದೂ, ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಬಗ್ಗುವ ಬದಲು ಒಡೆಯುವುದೂ ಈ ಕಾರಣದಿಂದಲೇ. ಬರಿಮೈಯ ಕಬ್ಬಿಣಕ್ಕೆ ಗಾಳಿ ನೀರು ಸೋಕಿದರೆ ತುಕ್ಕು ತಪ್ಪಿದ್ದಲ್ಲ. ಅದನ್ನು ಕಾಯುವುದು ತೆಳ್ಳಗೆ ಸವರಿದ ಎಣ್ಣೆ: ಬಿಸಿ ಏರಿದಂತೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಕಬ್ಬಿಣದ ತರಿಮೈಗೆ ಅಂಟಿ, ಗಟ್ಟಿಯಾದ ಕಪ್ಪು ಪದರವಾಗುತ್ತವೆ. ಹುಳಿ ಆ ಪದರವನ್ನು ತಿನ್ನುತ್ತದೆ, ನಿಂತ ನೀರು ಅದರ ಬುಡಕ್ಕೇ ಇಳಿಯುತ್ತದೆ. ಬೇಗ ಪಳಗಲೆಂದು ಎಣ್ಣೆಯನ್ನು ಧಾರಾಳವಾಗಿ ಬಳಿದರೆ ಅಂಟಂಟಾದ ಜಿಡ್ಡು ಉಳಿಯುತ್ತದೆಯೇ ಹೊರತು ಪದರ ಕೂಡುವುದಿಲ್ಲ. ಅವಸರವನ್ನು ಇಷ್ಟು ನೇರವಾಗಿ ನಿರಾಕರಿಸುವ ವಸ್ತುಗಳು ನಮ್ಮ ಮನೆಗಳಲ್ಲಿ ಈಗ ಎಷ್ಟು ಉಳಿದಿವೆ?

ಹೊಸ ಕಾವಲಿಯನ್ನು ಗಂಜಿನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ ಉಜ್ಜಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿದರೂ ಮೊದಮೊದಲ ದೋಸೆಗಳು ಎದ್ದು ಬರುವುದಿಲ್ಲ. ಪಳಗಿದ ಕಾವಲಿಯ ಬೆಳಗೇ ಬೇರೆ. ಚಿಮುಕಿಸಿದ ನೀರು ಮಣಿಮಣಿಯಾಗಿ ಓಡಿ ಚುಯ್ ಎಂದು ಆರುತ್ತದೆ. ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿ ಅದರ ಮೈಮೇಲೆ ಒಂದು ಸುತ್ತು ಬರುತ್ತದೆ. ಹಿಟ್ಟು ಬಿದ್ದಲ್ಲೆಲ್ಲ ಕಣ್ಣುಬಿಟ್ಟು, ಅಂಚು ಕೆಂಪಗಾಗಿ, ಸಟ್ಟುಗಕ್ಕೆ ಕಾಯದೆ ತಾನೇ ಮೇಲೇಳುತ್ತದೆ. ಈ ಗುಣವನ್ನು ಅಂಗಡಿಯಿಂದ ತರಲಾಗದು. 1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಕಂಡ ವಸ್ತುವೊಂದು ಮುಂದೆ ಟೆಫ್ಲಾನ್ ಎಂಬ ಹೆಸರಿನಲ್ಲಿ ನಾನ್‌ಸ್ಟಿಕ್ ಪಾತ್ರೆಗಳಿಗೆ ಲೇಪವಾಯಿತು. ಅಡುಗೆಮನೆಯ ದುಡಿಮೆಯನ್ನು ಅದು ಹಗುರ ಮಾಡಿದ್ದನ್ನು ಕಡೆಗಣಿಸುವುದು ಕೃತಘ್ನತೆಯೇ ಸರಿ. ಆದರೂ ಎರಡರ ನಡುವಿನ ಅಂತರ ಯೋಚನೆಗೆ ಹಚ್ಚುತ್ತದೆ. ಆ ಲೇಪ ಪೂರ್ಣವಾಗಿ ಮನೆಗೆ ಬಂದು ಬಳಸಿದಷ್ಟೂ ಸವೆಯುತ್ತದೆ. ಬೀಡಿನ ಕಾವಲಿ ಅಪೂರ್ಣವಾಗಿ ಬಂದು ಬಳಸಿದಷ್ಟೂ ಒಳ್ಳೆಯದಾಗುತ್ತದೆ. ಜೋಪಾನ ಮಾಡಬೇಕೆಂದು ಅಟ್ಟದ ಮೇಲಿಟ್ಟವರಿಗೆ ಸಿಗುವುದು ತುಕ್ಕು ಮಾತ್ರ. ಸ್ನೇಹ, ದಾಂಪತ್ಯ, ಕಲಿತ ವಿದ್ಯೆ, ಇವೂ ದಿನದ ಒಡನಾಟದಲ್ಲಿ ಉಳಿಯುವವೇ ಹೊರತು ತೆಗೆದಿಟ್ಟು ಕಾಯುವಂಥವಲ್ಲ.

ಇಷ್ಟಾದರೂ ಬಳಕೆಯೊಂದೇ ಸಾಲದು. ಕಾವಲಿಯ ಆರೈಕೆಗೆ ಒಂದು ನಿರ್ದಿಷ್ಟ ಹೊತ್ತಿದೆ, ಅದು ಎಲ್ಲರ ಊಟ ಮುಗಿದ ಮೇಲಿನ ಹೊತ್ತು. ಅಂಟಿದ ಕರಿಕನ್ನು ಕೆರೆದು, ಬಟ್ಟೆಯಲ್ಲಿ ಒರೆಸಿ, ತೊಳೆದಿದ್ದರೆ ಮತ್ತೆ ಒಲೆಯ ಮೇಲಿಟ್ಟು ಪಸೆ ಆರಿಸಿ, ಒಂದು ಹನಿ ಎಣ್ಣೆಯನ್ನು ಮೈತುಂಬ ಸವರಿ ಎತ್ತಿಡಬೇಕು. ಐದು ನಿಮಿಷದ ಕೆಲಸ. ಹಸಿದಾಗ ಒಲೆಯ ಮೇಲಿರುವುದರ ಕಡೆಗೆ ನಮ್ಮ ಗಮನ ತಾನಾಗಿ ಹರಿಯುತ್ತದೆ, ಅದಕ್ಕೆ ಗುಣವೇನೂ ಬೇಕಿಲ್ಲ. ಹೊಟ್ಟೆ ತುಂಬಿ, ಮುಂದಿನ ಕೆಲಸ ಕರೆಯುತ್ತಿರುವಾಗ, ಇನ್ನು ತನಗೆ ಏನನ್ನೂ ಕೊಡದ ವಸ್ತುವಿನ ಬಳಿ ನಿಲ್ಲುವುದಕ್ಕೆ ಮಾತ್ರ ಮನಸ್ಸಿನ ಸಂಸ್ಕಾರ ಬೇಕು. ನೆರವಾದ ಮನುಷ್ಯರೊಡನೆ ನಾವು ನಡೆದುಕೊಳ್ಳುವ ರೀತಿಯಾದರೂ ಇದಕ್ಕಿಂತ ಬೇರೆಯೇ? ಕಷ್ಟದಲ್ಲಿ ದಿನಕ್ಕೆರಡು ಬಾರಿ ಫೋನು ಮಾಡಿದವರು, ಕಷ್ಟ ತೀರಿದ ಮೇಲೆ ಸುಮ್ಮನೆ ಕ್ಷೇಮ ವಿಚಾರಿಸಲು ಎಷ್ಟು ಬಾರಿ ಮಾಡುತ್ತೇವೆ?

ಈ ಐದು ನಿಮಿಷವನ್ನು ತಲೆಮಾರುಗಳ ಕಾಲ ಯಾರು ಕೊಟ್ಟರು ಎಂಬುದನ್ನೂ ಕೇಳಿಕೊಳ್ಳಬೇಕು. ಎಲ್ಲರಿಗೂ ಬಿಸಿ ದೋಸೆ ಬಡಿಸಿ, ಕೊನೆಯ ದೋಸೆಯನ್ನು ತಾನು ತಿಂದು, ಕಾವಲಿ ಒರೆಸಿ ಏಳುತ್ತಿದ್ದವಳು ಮನೆಯ ಹೆಂಗಸು. ಕಾವಲಿ ಚೆನ್ನಾಗಿ ಪಳಗಿದೆ ಎಂದು ಹೊಗಳಿದವರಿಗೆ ಪಳಗಿಸಿದ ಕೈ ಕಾಣಲಿಲ್ಲ. ಒಳ್ಳೆಯ ಆರೈಕೆಗೆ ಒದಗುವ ಅನ್ಯಾಯವೇ ಇದು: ಅದು ನಡೆದಾಗ ಯಾರಿಗೂ ತಿಳಿಯುವುದಿಲ್ಲ, ನಿಂತಾಗ ಮಾತ್ರ ದೋಸೆ ಹರಿಯುತ್ತದೆ.

ಇಂದು ನಗರಗಳ ಮನೆಗಳಿಗೆ ಬೀಡಿನ ಕಾವಲಿ ಮತ್ತೆ ಬರುತ್ತಿದೆ. ರುಚಿಗೆಂದು ಕೆಲವರು, ಆಹಾರಕ್ಕೆ ಕಬ್ಬಿಣದ ಅಂಶ ಸೇರಲೆಂದು ಕೆಲವರು ಕೊಳ್ಳುತ್ತಾರೆ. ಬರಲಿ, ಸಂತೋಷ. ಆದರೆ ಹಳೆಯ ವಸ್ತುವಿನ ಜೊತೆಗೆ ಹಳೆಯ ಹೊರೆಯೂ ಅದೇ ಹೆಗಲಿಗೆ ಬೀಳಬಾರದು. ದೋಸೆ ತಿನ್ನುವ ಮಗನಿಗೂ ಮಗಳಿಗೂ, ಮನೆಯ ಯಜಮಾನನಿಗೂ ಕಾವಲಿ ಒರೆಸುವ ಸರದಿ ಬರಬೇಕು. ಉಂಡು ಕೈತೊಳೆಯುವುದರೊಂದಿಗೆ ಊಟ ಮುಗಿಯುವುದಿಲ್ಲವೆಂದು ಮನೆಮಂದಿಯೆಲ್ಲ ಒಪ್ಪಿದರೆ, ಆ ಮನೆಯಲ್ಲಿ ಒಬ್ಬರ ಶ್ರಮದ ಮೇಲೆ ಉಳಿದವರ ಸುಖ ನಿಲ್ಲುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.