ಒಳಗೆ ಹಿಡಿಯದ ಬೆಸುಗೆ

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ಮೇಲೆ ನನಗೆ ಅಂಟಿಕೊಂಡ ಹುಚ್ಚು ಅಂದ್ರೆ ಮನೆಯಲ್ಲೇ ಕಾರು ಕಟ್ಟೋದು. ಓದಿದ್ದು ಬಿ.ಇ. ಮೆಕ್ಯಾನಿಕಲ್, ಅನ್ನ ಕೊಡ್ತಿರೋದು ಸಾಫ್ಟ್‌ವೇರ್. ಕೈಗೆ ಗ್ರೀಸು ಹತ್ತಿ ಹತ್ತು ವರ್ಷದ ಮೇಲಾಗಿತ್ತು.

ಇಲ್ಲಿ ಇದು ಹಳೇ ಚಟ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡರೆ ಖರೀದಿ ತೆರಿಗೆ ಉಳೀತಿತ್ತು. ಜನ ಮನೆಗೆ ತಂದು ತಾವೇ ಜೋಡಿಸ್ಕೊಳ್ತಿದ್ರು. 1996ರಲ್ಲಿ ರಾನ್ ಚಾಂಪಿಯನ್, 250 ಪೌಂಡಿನಲ್ಲಿ ಅಂಥದ್ದೇ ಕಾರು ಕಟ್ಟೋದು ಹೇಗೆ ಅಂತ ಪುಸ್ತಕವನ್ನೇ ಬರೆದರು. ನಾನು ಹಿಡಿದದ್ದು ಅದೇ ದಾರಿ. ಅದರಲ್ಲಿ ಮುಂದಿನ ಚಕ್ರಗಳ ವಿಶ್‌ಬೋನ್‌ಗಳನ್ನೂ ನಾವೇ ಮಾಡಬಹುದು. ಉಕ್ಕಿನ ಕೊಳವೆಗಳನ್ನು ‘ಎ’ ಅಕ್ಷರದ ಹಾಗೆ ಬೆಸೆದ ತೋಳು ಅದು. ಒಂದು ಕಡೆ ಚಾಸಿಗೆ, ಇನ್ನೊಂದು ಕಡೆ ಚಕ್ರಕ್ಕೆ. ಬ್ರೇಕ್ ಒತ್ತಿದಾಗ, ಗುಂಡಿಗೆ ಇಳಿದಾಗ ಪೆಟ್ಟು ತಿನ್ನೋದು ಅದೇ. ಅದು ಮುರಿದರೆ ಸ್ಟೀರಿಂಗ್ ಬರೀ ಆಟದ ಸಾಮಾನು.

ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಮಾಡಿದೆ. ಬೆಸುಗೆ ನೋಡೋಕೆ ಚೆನ್ನಾಗೇ ಬಂದಿತ್ತು. ಕರೀ ಬಣ್ಣ ಹೊಡೆದು ಊರಿಗೆ ಫೋಟೋನೂ ಕಳಿಸಿದೆ. ಆಮೇಲೊಂದು ದಿನ, ಅದೇ ಸೆಟ್ಟಿಂಗಿನಲ್ಲಿ ಅಭ್ಯಾಸಕ್ಕೆ ಬೆಸೆದಿದ್ದ ತುಂಡೊಂದನ್ನು ಗರಗಸದಲ್ಲಿ ಸೀಳಿ ನೋಡಿದೆ. ಹೊರಗೆ ನೀಟಾಗಿದ್ದ ಬೆಸುಗೆ ಒಳಗೆ ಹಿಡಿದೇ ಇರಲಿಲ್ಲ. ಎರಡು ಲೋಹದ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಗೆರೆ.

ಇಲ್ಲಿ ಇಂಥ ಕಾರು ರಸ್ತೆಗೆ ಇಳಿಯೋ ಮೊದಲು ಸರ್ಕಾರಿ ತಪಾಸಣೆ ಆಗಬೇಕು. ಆದ್ರೆ ಇನ್‌ಸ್ಪೆಕ್ಟರ್ ಕಣ್ಣಲ್ಲಿ ನೋಡ್ತಾರೆ, ಅಳೀತಾರೆ, ಕುಯ್ದು ನೋಡಲ್ಲ. ಗೆಳೆಯ ಹೇಳಿದ: “ಪಾಸಾಗತ್ತೆ ಬಿಡೋ. ನಿನ್ ಕಾರು, ನಿನ್ ರಿಸ್ಕು.”

ನಾನು ಸಿಕ್ಕಿಹಾಕಿಕೊಂಡಿದ್ದು ಆ ಮಾತಿನಲ್ಲೇ. ನನ್ನ ಪ್ರಾಣ ನನ್ನಿಷ್ಟ, ಸರಿ. ಪಕ್ಕದ ಸೀಟಿನಲ್ಲಿ ಕೂರೋಕೆ ಕಾಯ್ತಿರೋ ಮಗಳದ್ದು? ಎದುರಿಂದ ಸೈಕಲ್ಲಲ್ಲಿ ಬರೋ ಅಪರಿಚಿತನದ್ದು? ಅವನನ್ನು ಯಾರು ಕೇಳಿದ್ರು?

ಹಾಗಂತ ಎಲ್ಲವನ್ನೂ ಅನುಮಾನಿಸ್ತಾ ಕೂತರೆ ಯಾವ ಗಾಡಿಯೂ ಹೊರಡಲ್ಲ. ಕೈಲಾದಷ್ಟು ಪರೀಕ್ಷೆ ಮಾಡಿಯೂ ಗೊತ್ತಾಗದೆ ಉಳಿದ ತಪ್ಪಿಗೆ ಕ್ಷಮೆ ಇದೆ ಅನ್ಸತ್ತೆ. ಆದ್ರೆ ಆ ತುಂಡು ಸೀಳಿದ ಮೇಲೆ ನನಗೆ ಗೊತ್ತಿತ್ತು. ಗೊತ್ತಿದ್ದೂ ತಗೊಂಡ ಸರ್ಟಿಫಿಕೇಟು ನನ್ನನ್ನು ಕಾಯಲ್ಲ.

ನಿಜ ಹೇಳ್ಬೇಕಂದ್ರೆ, ಯಾಕಾದ್ರೂ ಸೀಳಿದ್ನಪ್ಪಾ ಅಂತಲೂ ಅನಿಸಿತು. ಇದು ಆಫೀಸಿನಿಂದ ಬಂದ ಬುದ್ಧಿ. ರಿಲೀಸ್ ಹತ್ತಿರ ಬಂದಾಗ ಬಗ್ ಸಿಗಬಹುದಾದ ಜಾಗದಲ್ಲಿ ಟೆಸ್ಟ್ ಬರೆಯದೇ ಬಿಟ್ಟಿದ್ದೀನಿ. ನೋಡದಿದ್ರೆ ಗೊತ್ತಿರಲ್ಲ, ಗೊತ್ತಿಲ್ಲದಿದ್ರೆ ತಪ್ಪಿಲ್ಲ ಅನ್ನೋ ಲೆಕ್ಕ. ಅಲ್ಲಿ ಮರುದಿನ ಪ್ಯಾಚ್ ಕಳಿಸಬಹುದು. ವಿಶ್‌ಬೋನಿಗೆ ಪ್ಯಾಚ್ ಇಲ್ಲ.

ನಮ್ಮೂರಲ್ಲಿ ಗಾಡಿ ಅಚ್ಚು ಮಾಡ್ತಿದ್ದ ಆಚಾರ್ರು, ಕೆಲಸ ಮುಗಿದ ಮೇಲೆ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಡ್ತಿದ್ರು. ಸದ್ದು ಮಂಕಾಗಿ ಕೇಳಿದ್ರೆ ಮತ್ತೆ ಕುಲುಮೆಗೆ. ಅಪ್ಪ ಹೊತ್ತಾಯ್ತು ಅಂತ ಗೊಣಗಿದ್ರೂ ಕೊಡ್ತಿರಲಿಲ್ಲ. ತಪ್ಪು ಹುಡುಕೋದನ್ನೂ ಅವರು ಕೆಲಸದ ಭಾಗ ಅಂದ್ಕೊಂಡಿದ್ರು.

ನಾಲ್ಕನ್ನೂ ಕತ್ತರಿಸಿ ಗುಜರಿಗೆ ಹಾಕಿದೆ. ಹೊಸ ಕೊಳವೆ ಕೊಯ್ದು, ಅಳತೆಗೆ ಕೂರಿಸಿ, ಚುಕ್ಕೆ ಬೆಸುಗೆ ಮಾತ್ರ ಹಾಕಿ, ಪೂರ್ತಿ ಬೆಸೆಯೋಕೆ ಅದನ್ನೇ ವೃತ್ತಿ ಮಾಡ್ಕೊಂಡವರಿಗೆ ಕೊಟ್ಟೆ. “ಎಲ್ಲಾ ನೀನೇ ಮಾಡಿದ್ದಾ?” ಅಂತ ಊರಿಂದ ಕೇಳಿದಾಗ, “ಬೆಸುಗೆ ನನ್ನದಲ್ಲ” ಅಂದೆ. ಹೇಳುವಾಗ ಸ್ವಲ್ಪ ಬೇಜಾರಾಯ್ತು, ಸುಳ್ಳೇನಲ್ಲ.