ಫಲ ಬಯಸಿ ಕೊಂಡ ವಾಹನ

ವಿದ್ಯುತ್ ವಾಹನ ಕೊಳ್ಳಲು ಸಾಲ ಮಾಡಿದವರು ಆ ಸಾಲದ ಬಡ್ಡಿಯನ್ನು, ವರ್ಷಕ್ಕೆ 1,50,000 ರೂಪಾಯಿಯ ಮಿತಿಯೊಳಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆದುಕೊಳ್ಳಬಹುದು ಎಂಬ ನಿಯಮ 2019ರ ಬಜೆಟ್ಟಿನಲ್ಲಿ ಬಂತು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 80ಇಇಬಿ ಕಲಮು. ಹೊಗೆ ಕಡಿಮೆ ಮಾಡುವುದು ಲೋಕಕ್ಕೆ ಹಿತವಾದ ಕೆಲಸವೆಂದು ಒಪ್ಪಿದರೆ, ಆ ಕೆಲಸಕ್ಕೆ ಹಣದ ಫಲ ಕಟ್ಟಿದ ಮೇಲೂ ಅದರಲ್ಲಿ ಧರ್ಮ ಉಳಿಯುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಪ್ರತಿಫಲದ ಆಸೆಯಿಂದ ಕೊಟ್ಟ ದಾನವನ್ನು ರಾಜಸವೆನ್ನುತ್ತದೆ. ಅದರಂತೆ ನೋಡಿದರೆ ಕಡಿತಕ್ಕಾಗಿ ಕೊಂಡ ವಾಹನ ಸಾತ್ವಿಕವಲ್ಲ. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಗೀತೆ ನೋಡುತ್ತಿರುವುದು ಮಾಡುವವನ ಮನಸ್ಸನ್ನು; ಮನಸ್ಸನ್ನು ಅಳೆಯುವ ಕೆಲಸ ತೆರಿಗೆ ಇಲಾಖೆಯದಲ್ಲ. ಈ ಪ್ರಶ್ನೆಗೆ ಹೆಚ್ಚು ಒದಗಿಬರುವುದು ಪೂರ್ವಮೀಮಾಂಸೆ. ವಿಧಿ, ಫಲ, ಅಧಿಕಾರ ಇವುಗಳ ಸಂಬಂಧವನ್ನು ಕಾನೂನು ಓದುವವರ ಕಣ್ಣಿನಿಂದ ನೋಡಿದ ಶಾಸ್ತ್ರ ಅದು.

ಮೀಮಾಂಸಕರು ಕರ್ಮವನ್ನು ನಿತ್ಯ, ಕಾಮ್ಯ ಎಂದು ವಿಂಗಡಿಸುತ್ತಾರೆ. ಸಂಧ್ಯಾವಂದನೆಯಂಥದ್ದು ನಿತ್ಯ, ಅದನ್ನು ಬಿಡುವಂತಿಲ್ಲ. ಮಳೆ ಬೇಕೆಂದೋ ಸ್ವರ್ಗ ಬೇಕೆಂದೋ ಮಾಡುವುದು ಕಾಮ್ಯ. ಕಾಮ್ಯವು ಪಾಪವಲ್ಲ, ನಿಷಿದ್ಧವೂ ಅಲ್ಲ. ಬೇಡದವರು ಬಿಡಬಹುದು, ಅಷ್ಟೆ. ಆದರೆ ಅದಕ್ಕೊಂದು ಕಟ್ಟುನಿಟ್ಟುಂಟು. ನಿತ್ಯಕರ್ಮವನ್ನು ಶಕ್ತಿ ಇದ್ದಷ್ಟು ಮಾಡಿದರೂ ನಡೆಯುತ್ತದೆ, ಕಾಮ್ಯವನ್ನು ಮಾತ್ರ ಎಲ್ಲ ಅಂಗಗಳೊಡನೆ ಪೂರ್ತಿಯಾಗಿ ಮಾಡಬೇಕು. ಒಂದು ಅಂಗ ತಪ್ಪಿದರೂ ಫಲವಿಲ್ಲ.

80ಇಇಬಿ ಇದೇ ಜಾತಿಯದು. ತೆರಿಗೆ ಕಟ್ಟುವುದು ನಿತ್ಯ, ಕಡಿತ ಕೇಳುವುದು ಕಾಮ್ಯ. ಅದರ ಅಂಗಗಳೂ ಕಡಿಮೆಯಿಲ್ಲ. ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಮಂಜೂರಾಗಿರಬೇಕು. ಕೊಟ್ಟದ್ದು ಬ್ಯಾಂಕು ಅಥವಾ ಕಾಯ್ದೆ ಒಪ್ಪುವ ಹಣಕಾಸು ಸಂಸ್ಥೆಯಾಗಿರಬೇಕು. ಭಾವಮೈದುನನ ಕೈಸಾಲ ನಡೆಯದು. ವಾಹನ ಪೂರ್ತಿಯಾಗಿ ವಿದ್ಯುತ್ ಮೋಟರಿನಿಂದಲೇ ಓಡಬೇಕು, ಬ್ರೇಕ್ ಹಾಕಿದಾಗ ವೇಗವನ್ನು ಮತ್ತೆ ವಿದ್ಯುತ್ತಾಗಿಸುವ ವ್ಯವಸ್ಥೆಯೂ ಅದರಲ್ಲಿರಬೇಕು. ಹೀಗಾಗಿ ಪೆಟ್ರೋಲ್ ಎಂಜಿನ್ನನ್ನೂ ಇಟ್ಟುಕೊಂಡ ಹೈಬ್ರಿಡ್ ಕಾರು ಹೊರಗುಳಿಯುತ್ತದೆ, ಗ್ಯಾಸಿನ ಆಟೊ ಕೂಡ. ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ಕಡಿತವಿಲ್ಲ. ಯಜ್ಞದಲ್ಲಿ ಫಲ ಯಜಮಾನನಿಗೆ ಸಲ್ಲುತ್ತದೆ, ದಕ್ಷಿಣೆ ಪಡೆದು ಮಂತ್ರ ಹೇಳಿದ ಋತ್ವಿಜನಿಗಲ್ಲ. ಹಾಗೆಯೇ ಇಲ್ಲಿ ಗಾಡಿ ಓಡಿಸುವವರು ಯಾರೇ ಇರಲಿ, ಕಡಿತ ಸಾಲಗಾರನಾಗಿ ಬಡ್ಡಿ ಕಟ್ಟಿದವನಿಗೇ. ಅಂಗ ತಪ್ಪಿಯೂ ಫಲ ಕೇಳಿದರೆ ಅದು ಕಾಮ್ಯವಾಗಿ ಉಳಿಯುವುದಿಲ್ಲ, ಸುಳ್ಳಾಗುತ್ತದೆ. ಫಲ ಬಯಸುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವಿನ ಈ ಗೆರೆಯನ್ನು ನಿಷ್ಕಾಮದ ಉಪದೇಶ ಎಷ್ಟೋ ಸಲ ಅಳಿಸಿಹಾಕಿಬಿಡುತ್ತದೆ.

ಒಳ್ಳೆಯ ಕೆಲಸಕ್ಕೆ ತೆರಿಗೆಯ ರಿಯಾಯಿತಿ ಕಟ್ಟುವುದು ಹೊಸದೇನಲ್ಲ. ಹೊಸ ಕೆರೆ ಕಟ್ಟಿಸಿದವರಿಗೆ ಐದು ವರ್ಷ, ಹಾಳುಬಿದ್ದದ್ದನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ ತೆರಿಗೆ ಬಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಕರ್ನಾಟಕದ ಶಾಸನಗಳಲ್ಲಿ ಕೆರೆಯ ಕೆಲಸಕ್ಕಾಗಿ ಬಿಟ್ಟ ಕಟ್ಟುಗೊಡಗೆ, ಬಿತ್ತುವಟ್ಟ ಎಂಬ ಕೊಡುಗೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಕೊಡಗೆ ಪಡೆದು ಕಟ್ಟಿದ ಕೆರೆಯ ನೀರು ಕುಡಿದವರು ಕಟ್ಟಿದವನ ಮನಸ್ಸನ್ನು ಕೇಳಲಿಲ್ಲ.

ಫಲವನ್ನು ಯಾವುದಕ್ಕೆ ಕಟ್ಟಬೇಕು ಎಂಬ ಪ್ರಶ್ನೆ ಮನಸ್ಸಿನ ಪ್ರಶ್ನೆಗಿಂತ ಬಿಗಿಯಾದದ್ದು. ತಮಿಳುನಾಡಿನ ತೇನಿ ಜಿಲ್ಲೆಯ ಆಂಡಿಪಟ್ಟಿಯ ಬಯಲಲ್ಲಿ ನಿಂತ ಗಾಳಿಯಂತ್ರಗಳು ಅದಕ್ಕೆ ಸಾಕ್ಷಿ. ಪಶ್ಚಿಮಘಟ್ಟದ ಕಂಬಂ ಕಣಿವೆಯ ಕಡೆಯಿಂದ ಮುಂಗಾರಿನಲ್ಲಿ ನುಗ್ಗುವ ಗಾಳಿ ಇಲ್ಲಿಯ ಸಂಪತ್ತು. ತಮಿಳುನಾಡಿನಲ್ಲಿ ಗಾಳಿಯಂತ್ರ ಹಾಕಿಸಿದವರಲ್ಲಿ ನೂಲಿನ ಗಿರಣಿಯವರು ಹಲವರು, ಅವರನ್ನು ಸೆಳೆದದ್ದರಲ್ಲಿ ತ್ವರಿತ ಸವಕಳಿಯ ಪಾಲು ದೊಡ್ಡದು. ಯಂತ್ರದ ಬೆಲೆಯಲ್ಲಿ 80 ಪ್ರತಿಶತವನ್ನು ಮೊದಲ ವರ್ಷವೇ ಲಾಭದಿಂದ ಕಳೆಯಬಹುದಿತ್ತು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಯಂತ್ರ ಎಷ್ಟು ಯೂನಿಟ್ ವಿದ್ಯುತ್ ಕೊಟ್ಟಿತು ಎಂಬುದು ಈ ಲೆಕ್ಕಕ್ಕೆ ಬೇಕಿರಲಿಲ್ಲ. ಫಲ ಒಡೆತನಕ್ಕೆ ಅಂಟಿತ್ತು, ಕೆಲಸಕ್ಕಲ್ಲ. ಈ ಕೊರತೆ ಕಂಡೇ 2009ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಬೇರೊಂದು ದಾರಿ ತೆರೆಯಿತು: ಗ್ರಿಡ್ಡಿಗೆ ಕೊಟ್ಟ ಪ್ರತಿ ಯೂನಿಟ್ಟಿಗೆ 50 ಪೈಸೆ. ಒಬ್ಬರು ಎರಡನ್ನೂ ಪಡೆಯುವಂತಿರಲಿಲ್ಲ. 2012ರಲ್ಲಿ ನಿಂತ ತ್ವರಿತ ಸವಕಳಿ 2014ರಲ್ಲಿ ಮರಳಿ ಬಂತು. 2017ರ ಏಪ್ರಿಲ್‌ನಿಂದ ಅದರ ದರ 40 ಪ್ರತಿಶತಕ್ಕೆ ಇಳಿಯಿತು.

80ಇಇಬಿ ಈ ವಿಷಯದಲ್ಲಿ ಹಳೆಯ ಸವಕಳಿಯ ಕಡೆಗೇ ನಿಲ್ಲುತ್ತದೆ. ವಾಹನ ದಿನವೂ ಓಡಿ ಪೆಟ್ರೋಲ್ ಉಳಿಸಿತೋ, ಮನೆಯ ಎರಡನೇ ಕಾರಾಗಿ ಶೆಡ್ಡಿನಲ್ಲಿ ನಿಂತಿತೋ, ಕಾಯ್ದೆ ಕೇಳುವುದಿಲ್ಲ. ಕೂಡಿಟ್ಟ ಹಣದಿಂದಲೇ ಕೊಂಡವರಿಗೆ ಬಡ್ಡಿಯಿಲ್ಲ, ಆದ್ದರಿಂದ ಕಡಿತವೂ ಇಲ್ಲ.

ಗಾಳಿಯಂತ್ರಗಳ ಆ ತೇನಿ ಸೀಮೆಯಲ್ಲೇ ಒಡೆತನದ ಇನ್ನೊಂದು ನೋಟವೂ ಇದೆ. ಕಂಬಂ ಕಣಿವೆಯ ಕನ್ನಡ ಮನೆಮಾತಿನ ಒಕ್ಕಲು ಜನ ಕಪ್ಪಿಲಿಯರು. ಅವರ ಪೂಜೆಗೆ ಸಂದ ದನದ ಹಿಂಡೊಂದು ಕಂಬಂನಲ್ಲಿದೆ. ಅದನ್ನು ಅವರು ಕನ್ನಡದಲ್ಲಿ ದೇವರ ಆವು ಎನ್ನುತ್ತಾರೆಂದು ಇಪ್ಪತ್ತನೆಯ ಶತಮಾನದ ಆರಂಭದ ಬರಹಗಳಲ್ಲಿ ದಾಖಲಾಗಿದೆ, ತಮಿಳಿನಲ್ಲಿ ಅದು ತಂಬಿರಾನ್ ಮಾಡು. ಹರಕೆ ಹೊತ್ತವರು ತಮ್ಮ ದನವನ್ನು ಅಲ್ಲಿಗೆ ಒಪ್ಪಿಸಿದ ಮೇಲೆ ಅದು ಅವರ ಸ್ವತ್ತಲ್ಲ. ಹರಕೆಯೂ ಕಾಮ್ಯವೇ, ಫಲ ಬಯಸಿಯೇ ಹೊರುವುದು. ಆದರೆ ಅಲ್ಲಿ ಫಲ ಸಿಗುವುದು ಬಿಟ್ಟುಕೊಟ್ಟದ್ದಕ್ಕೆ, ಕಾಯ್ದೆಯಲ್ಲಿ ಇಟ್ಟುಕೊಂಡದ್ದಕ್ಕೆ.

ಕೊನೆಯದು ಅಧಿಕಾರದ, ಎಂದರೆ ಕರ್ಮ ಮಾಡುವ ಅರ್ಹತೆಯ, ಪ್ರಶ್ನೆ. ಯಜ್ಞಕ್ಕೆ ಹಣ ಬೇಕು. ಹಾಗಾದರೆ ಬಡವನಿಗೆ ಅಧಿಕಾರವಿಲ್ಲವೇ ಎಂದು ಪೂರ್ವಮೀಮಾಂಸೆಯ ಮೂಲವಾದ ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಕೇಳಿ, ಬಡತನ ಶಾಶ್ವತವಲ್ಲ, ಆದ್ದರಿಂದ ಅಧಿಕಾರವುಂಟು ಎಂದು ತೀರ್ಮಾನಿಸುತ್ತದೆ. (ಅದೇ ಅಧ್ಯಾಯ ಶೂದ್ರರಿಗೆ ಬಾಗಿಲು ಮುಚ್ಚಿತೆಂಬುದನ್ನು ಮರೆಯಬಾರದು, ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಮುಂದಿಟ್ಟದ್ದು ಇಂಥ ಬಾಗಿಲುಗಳ ಎದುರಿಗೇ.) ಆದಾಯ ತೆರಿಗೆಯ ಕಡಿತವೂ ಬಾಯಿಮಾತಿನಲ್ಲಿ ಎಲ್ಲರಿಗೂ ತೆರೆದದ್ದು. ಲೆಕ್ಕ ಬೇರೆ ಹೇಳುತ್ತದೆ. ಹಳೆಯ ಪದ್ಧತಿಯ 30 ಪ್ರತಿಶತದ ಹಂತದಲ್ಲಿರುವವರಿಗೆ ಒಂದೂವರೆ ಲಕ್ಷದ ಕಡಿತ ಸೆಸ್ಸೂ ಸೇರಿ 46,800 ರೂಪಾಯಿ ಉಳಿಸುತ್ತದೆ. 20 ಪ್ರತಿಶತದ ಹಂತದಲ್ಲಿ ಅದೇ ಬಡ್ಡಿಗೆ ಉಳಿಯುವುದು 31,200. ಆಂಡಿಪಟ್ಟಿಯ ಸಕ್ಕಂಪಟ್ಟಿಯಲ್ಲಿ ಮಗ್ಗದ ಕೂಲಿಯಿಂದ ಬದುಕುವ ನೇಕಾರ ಕಂತಿನ ಮೇಲೆ ವಿದ್ಯುತ್ ಸ್ಕೂಟರ್ ಕೊಂಡರೆ, ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟದ ಅವನಿಗೆ ಏನೂ ಇಲ್ಲ. ಗಾಳಿಗೆ ಅವನು ಸೇರಿಸದ ಹೊಗೆ ಕಾರಿನವನು ಸೇರಿಸದ ಹೊಗೆಯಷ್ಟೇ ನಿಜ. ಅವನಿಗೂ ತಲುಪುವ ರಿಯಾಯಿತಿ ಬೆಲೆಯಲ್ಲೇ ಇಳಿಯುವಂಥದ್ದು: 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನದ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದದ್ದು ಆ ಬಗೆಯದು. ಅಲ್ಲಿ ಯಾರೂ ಫಲ ಕೇಳಿ ಅರ್ಜಿ ಹಾಕಬೇಕಿಲ್ಲ, ಯಜಮಾನ ಯಾರೆಂಬ ವಿಚಾರಣೆಯೂ ಇಲ್ಲ.