ಬಿಟ್ಟುಹೋದ ನುಡಿಯ ಋಣ

ಡಾಕ್ಟರೊಬ್ಬರು ಪರದೇಶಕ್ಕೆ ಹೋಗಿ ನೆಲೆಸಿದರೆ ಅವರ ಊರಿಗೆ ಒಬ್ಬ ಡಾಕ್ಟರು ಕಡಿಮೆಯಾಗುತ್ತಾರೆ. ಎಂಜಿನಿಯರು ಹೋದರೂ ಅಷ್ಟೇ. ಈ ವಿಷಯವಾಗಿ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ‘ಪ್ರತಿಭಾ ಪಲಾಯನ’ ಎಂಬ ಮಾತಂತೂ ಬಳಸಿ ಬಳಸಿ ಸವೆದುಹೋಗಿದೆ. ಆದರೆ ಹಾಗೆ ಹೋದವನು ಬರಹಗಾರನಾಗಿದ್ದರೆ? ಹೊಸ ದೇಶದಲ್ಲಿ ಹೊಸ ಬದುಕಿನ ಜೊತೆಗೆ ಹೊಸ ನುಡಿಯನ್ನೂ ಹಿಡಿದು, ಆ ನುಡಿಯಲ್ಲೇ ಬರೆದು ಹೆಸರು ಪಡೆದರೆ? ಆಗ ಏಳುವ ಪ್ರಶ್ನೆ ಬೇರೆ ಬಗೆಯದು. ಡಾಕ್ಟರ ಕೈಗುಣ ಎಲ್ಲಿ ಹೋದರೂ ಅದೇ. ಬರಹಗಾರನ ಕೈಗುಣವಾದರೋ ಅವನು ತಾಯಿಯಿಂದ, ಓಣಿಯಿಂದ, ಊರ ಜಗಲಿಯಿಂದ ಕಡ ತಂದ ಮಾತುಗಳಿಂದಲೇ ಆದದ್ದು. ಆ ಕಡವನ್ನು ಅವನು ಯಾರಿಗೆ ತೀರಿಸಬೇಕು? ತೀರಿಸಲೇಬೇಕೆ?

1899ರಲ್ಲಿ ಈ ಪ್ರಶ್ನೆ ಪೋಲಿಷ್ ಜನರ ನಡುವೆ ಬಹಿರಂಗವಾಗಿಯೇ ಎದ್ದಿತ್ತು. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1795ರಿಂದ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡು ಕುಳಿತಿದ್ದವು. ರಾಜ್ಯ ಕಳೆದುಕೊಂಡ ಆ ಜನಕ್ಕೆ ಉಳಿದಿದ್ದ ಆಸ್ತಿಯೆಂದರೆ ಅವರ ನುಡಿ, ಅವರ ಕವಿಗಳು. ಸೇಂಟ್ ಪೀಟರ್ಸ್‌ಬರ್ಗಿನಿಂದ ಹೊರಡುತ್ತಿದ್ದ ‘ಕ್ರಾಯ್’ ಎಂಬ ಪೋಲಿಷ್ ವಾರಪತ್ರಿಕೆಯಲ್ಲಿ ಲುಟೊಸ್ವಾವ್‌ಸ್ಕಿ ಎಂಬ ತತ್ತ್ವಜ್ಞರು, ಪ್ರತಿಭಾವಂತರು ಹೊರದೇಶಕ್ಕೆ ಹೋಗುವುದರಲ್ಲಿ ತಪ್ಪಿಲ್ಲವೆಂದು ವಾದಿಸಿ, ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುತ್ತಿದ್ದ ತಮ್ಮ ದೇಶಬಾಂಧವರೊಬ್ಬರನ್ನು ಉದಾಹರಿಸಿದರು. ಅದನ್ನು ಓದಿ ಹಿರಿಯ ಕಾದಂಬರಿಗಾರ್ತಿ ಎಲೀಜಾ ಓಝೆಶ್ಕೋವಾ ಕೆರಳಿದರು. ಸೃಜನಶಕ್ತಿಯೆಂಬುದು ಒಂದು ಜನಾಂಗದ ಅತ್ಯುನ್ನತ ಸಂಪತ್ತು, ತನ್ನವರು ಬಡತನದಲ್ಲಿ ನರಳುವಾಗ ಅದನ್ನು ಹಣಕ್ಕಾಗಿ ಅನ್ಯರ ಮನೆಗೆ ಒಯ್ಯುವುದೆ ಎಂಬುದು ಅವರ ಆಕ್ಷೇಪದ ಸಾರ.

ಆ ಕಾದಂಬರಿಕಾರರೇ ಜೋಸೆಫ್ ಕಾನ್ರಾಡ್. ಹುಟ್ಟಿದ್ದು 1857ರಲ್ಲಿ, ಈಗ ಉಕ್ರೇನಿಗೆ ಸೇರಿರುವ ಬೆರ್ಡಿಚೆವ್‌ನಲ್ಲಿ. ತಂದೆ ಕವಿ, ಅನುವಾದಕ, ಜೊತೆಗೆ ದೇಶದ ಬಿಡುಗಡೆಗಾಗಿ ಗುಟ್ಟಾಗಿ ದುಡಿಯುತ್ತಿದ್ದವರು. ಆ ಅಪರಾಧಕ್ಕಾಗಿ ರಷ್ಯಾ ಸರ್ಕಾರ ಅವರನ್ನು ಉತ್ತರದ ಚಳಿಯ ಊರಾದ ವೊಲೊಗ್ಡಾಕ್ಕೆ ಗಡೀಪಾರು ಮಾಡಿತು. ಹೆಂಡತಿ, ಮಗುವೂ ಜೊತೆಯಲ್ಲೇ ಹೋದರು. 1865ರಲ್ಲಿ ತಾಯಿ ತೀರಿಕೊಂಡರು, 1869ರಲ್ಲಿ ತಂದೆ. ಹನ್ನೊಂದು ವರ್ಷದ ಹುಡುಗ ಸೋದರಮಾವನ ಪಾಲಿಗೆ ಬಂದ. 1874ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಫ್ರಾನ್ಸಿನ ಮಾರ್ಸೇಲ್ಸಿಗೆ ಹೋಗಿ ಹಡಗು ಸೇರಿದ. ಇಂಗ್ಲಿಷ್ ನಾಲಿಗೆಗೆ ಹತ್ತಿದ್ದು ಇಪ್ಪತ್ತರ ನಂತರ, ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಾ. 1886ರಲ್ಲಿ ಬ್ರಿಟಿಷ್ ಪ್ರಜೆಯಾಗಿ, ಅದೇ ವರ್ಷ ಕಪ್ತಾನನ ಪರೀಕ್ಷೆಯನ್ನೂ ಮುಗಿಸಿದರು. ಮೊದಲ ಕಾದಂಬರಿ ‘ಆಲ್ಮೇಯರ್ಸ್ ಫಾಲಿ’ ಅಚ್ಚಾದದ್ದು 1895ರಲ್ಲಿ. ಪೋಲಿಷ್, ಫ್ರೆಂಚ್‌ಗಳ ನಂತರ ಇಂಗ್ಲಿಷ್ ಅವರ ಮೂರನೆಯ ಭಾಷೆ. ಕೊನೆಯವರೆಗೂ ಅದನ್ನು ಪೋಲಿಷ್ ಎಳೆತದಲ್ಲೇ ಆಡುತ್ತಿದ್ದರು.

ಹಣದ ಮಾತನ್ನು ಮೊದಲು ಮುಗಿಸಿಬಿಡೋಣ. ಆ ಆರೋಪದಲ್ಲಿ ಹುರುಳಿಲ್ಲ. 1899ರಲ್ಲಿ ಕಾನ್ರಾಡರ ಕೈಯಲ್ಲಿದ್ದದ್ದು ಸಾಲ. 1914ರ ಹೊತ್ತಿಗೆ ‘ಚಾನ್ಸ್’ ಕಾದಂಬರಿ ಚೆನ್ನಾಗಿ ಮಾರಾಟವಾಗುವವರೆಗೆ ಅವರ ಸಂಸಾರ ಮುಂಗಡ ಹಣದ ಮೇಲೆ ತೆವಳಿತು. 1910ರಲ್ಲಿ ಸರ್ಕಾರ ವರ್ಷಕ್ಕೆ 100 ಪೌಂಡುಗಳ ಸಹಾಯವೇತನ ಕೊಡಬೇಕಾಯಿತು. ದುಡ್ಡೇ ಬೇಕಾಗಿದ್ದರೆ ಕಪ್ತಾನಗಿರಿಯೇ ವಾಸಿಯಾಗಿತ್ತು. ಆದರೂ ಮಾತಿನ ಗಾಯ ಮಾಯಲಿಲ್ಲವೆಂದು ಕಾಣುತ್ತದೆ. 1914ರಲ್ಲಿ ಪೋಲೆಂಡಿನ ಝಾಕೊಪಾನೆ ಊರಿಗೆ ಹೋಗಿದ್ದಾಗ ಬಂಧುವೊಬ್ಬರು ಓಝೆಶ್ಕೋವಾ ಅವರ ಪುಸ್ತಕವನ್ನು ಓದಲು ಕೊಟ್ಟದ್ದಕ್ಕೆ ಕಾನ್ರಾಡ್ ಸಿಡಿದೆದ್ದರಂತೆ. ಹದಿನೈದು ವರ್ಷ ಒಳಗೇ ಕುದ್ದ ಸಿಟ್ಟು ಅದು. ಸುಳ್ಳು ಆರೋಪಕ್ಕೆ ಮನುಷ್ಯ ಅಷ್ಟು ದೀರ್ಘಕಾಲ ಸಿಟ್ಟಾಗಿರುವುದು ಅಪರೂಪ. ಹಣದ ಮಾತು ಸುಳ್ಳಾದರೂ ಅದರ ಹಿಂದಿದ್ದ ಇನ್ನೊಂದು ಮಾತು ತಾಗಿರಬೇಕು.

ಆ ಇನ್ನೊಂದು ಮಾತೇ ನಮಗೆ ಮುಖ್ಯ. ಪೋಲಿಷ್ ಸಾಹಿತ್ಯಕ್ಕೆ ನಷ್ಟವಾದದ್ದು ನಿಜ. ‘ಲಾರ್ಡ್ ಜಿಮ್’, ‘ನಾಸ್ಟ್ರೋಮೊ’ಗಳಂಥ ಕಾದಂಬರಿಗಳು ಆ ನುಡಿಯಲ್ಲಿ ಹುಟ್ಟಬಹುದಾಗಿತ್ತು, ಹುಟ್ಟಲಿಲ್ಲ. ಓಝೆಶ್ಕೋವಾ ಆ ನಷ್ಟವನ್ನು ಸರಿಯಾಗಿಯೇ ಕಂಡರು. ಕಂಡ ಕೂಡಲೇ ಕಳ್ಳನನ್ನು ಹುಡುಕಲು ಹೊರಟರು, ಎಡವಿದ್ದು ಅಲ್ಲಿ. ಮನೆಯಲ್ಲಿ ಒಂದು ವಸ್ತು ಇಲ್ಲವಾಯಿತೆಂದ ಮಾತ್ರಕ್ಕೆ ಯಾರೋ ಕದ್ದಿರಬೇಕೆಂದಿಲ್ಲ. ಗಡೀಪಾರಿನಲ್ಲಿ ತಂದೆತಾಯಿಯನ್ನು ಸವೆಸಿದ ಸಾಮ್ರಾಜ್ಯವನ್ನು ಬಿಟ್ಟು, ಆ ಹುಡುಗನನ್ನು ಕಟಕಟೆಗೆ ನಿಲ್ಲಿಸುವುದು ಎಂಥ ನ್ಯಾಯ?

ಋಣದ ವಿಚಾರವನ್ನು ನಮ್ಮ ಹಿರಿಯರು ಬಹಳ ಯೋಚಿಸಿದ್ದರು. ದೇವಋಣ, ಋಷಿಋಣ, ಪಿತೃಋಣವೆಂದು ಮೂರು. ಇದರಲ್ಲಿ ಪಿತೃಋಣ ತೀರುವ ಬಗೆಯನ್ನು ಗಮನಿಸಬೇಕು. ತಂದೆ ಕೊಟ್ಟದ್ದನ್ನು ತಂದೆಗೇ ಹಿಂದಿರುಗಿಸುವುದಲ್ಲ. ಮಕ್ಕಳನ್ನು ಪಡೆದು, ಮುಂದಿನವರಿಗೆ ಕೊಟ್ಟು ತೀರಿಸುವುದು. ಆ ಲೆಕ್ಕದಲ್ಲಿ ಕಾನ್ರಾಡರನ್ನು ಸಾಲ ಮುಳುಗಿಸಿದವರೆನ್ನಲಾಗದು. ತಂದೆಯ ಮನೆಯ ದುಃಖ, ಸೋತ ಪಕ್ಷಕ್ಕೆ ನಿಷ್ಠನಾಗಿರುವವನ ಸಂಕಟ, ಅವರ ಇಂಗ್ಲಿಷಿನಲ್ಲಿ ಹಾಸುಹೊಕ್ಕಾಗಿ ಹರಿದಿವೆ. ಆದರೆ ಇದಕ್ಕೊಂದು ಆಕ್ಷೇಪವಿದೆ: ಪಿತೃಋಣ ತೀರಬೇಕಾದರೆ ಮಕ್ಕಳು ಅದೇ ವಂಶದವರಾಗಬೇಡವೆ? ಈತ ಇನ್ನೊಂದು ಮನೆಗೆ ದತ್ತು ಹೋದವನಲ್ಲವೆ? ಹೌದು, ದತ್ತು ಹೋದವರೇ. ಹೆತ್ತ ಮನೆಯವರ ಕಣ್ಣೀರು ಸುಳ್ಳಲ್ಲ. ಆದರೆ ದತ್ತು ಹೋದ ಮಗನನ್ನು ದ್ರೋಹಿ ಎಂದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ.

ಇರುವುದಾದರೂ ಹೇಗೆ? ಕನ್ನಡವೇ ದತ್ತು ಮಕ್ಕಳಿಂದ ತುಂಬಿದ ಮನೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋವಿಂದ ಪೈಗಳದು ಕೊಂಕಣಿ. ಜ್ಞಾನಪೀಠ ಪಡೆದ ಎಂಟು ಮಂದಿ ಕನ್ನಡ ಸಾಹಿತಿಗಳಲ್ಲಿ ಮಾಸ್ತಿ, ಬೇಂದ್ರೆ, ಕಾರ್ನಾಡರ ಮನೆಮಾತು ಕನ್ನಡವಲ್ಲ. ಇವರು ಸಮುದ್ರ ದಾಟಲಿಲ್ಲ, ಬೀದಿಗಿಳಿದರೆ ಸುತ್ತ ಕನ್ನಡವೇ ಇತ್ತು ಎಂಬ ವ್ಯತ್ಯಾಸವನ್ನು ಒಪ್ಪುತ್ತೇವೆ. ಆದರೂ ಬೇಂದ್ರೆಯವರನ್ನು ಹೆಮ್ಮೆಯಿಂದ ನಮ್ಮವರೆನ್ನುವ ಬಾಯಲ್ಲೇ, ಅಮೆರಿಕಕ್ಕೆ ಹೋಗಿ ಇಂಗ್ಲಿಷಿನಲ್ಲಿ ಬರೆಯುವ ಕನ್ನಡದ ಹುಡುಗನನ್ನು ಹಳಿಯುವುದು ಎರಡು ತಕ್ಕಡಿ ಇಟ್ಟುಕೊಂಡಂತೆ.

ಹಾಗೆಂದು ಹೊಸ ನುಡಿ ಹಿಡಿಯುವುದು ಸುಖದ ವ್ಯವಹಾರವೆಂದು ಯಾರೂ ತಿಳಿಯಬಾರದು. ಹಂಗೆರಿಯ ಅಗೋತಾ ಕ್ರಿಸ್ಟೋಫ್ 1956ರಲ್ಲಿ, ದಂಗೆಯನ್ನು ಸೋವಿಯತ್ ಸೈನ್ಯ ಹತ್ತಿಕ್ಕಿದಾಗ, ಗಂಡನೊಡನೆ ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು ಗಡಿ ದಾಟಿದರು. ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್ ಪ್ರದೇಶದಲ್ಲಿ ಗಡಿಯಾರದ ಕಾರ್ಖಾನೆಯ ಕೆಲಸ ಸಿಕ್ಕಿತು. ನಾಲ್ಕನೆಯ ವಯಸ್ಸಿಗೇ ಓದಲು ಕಲಿತಿದ್ದವರು ಇಪ್ಪತ್ತೊಂದರಲ್ಲಿ ಮತ್ತೆ ಅನಕ್ಷರಸ್ಥರಾದರು. ಫ್ರೆಂಚನ್ನು ಆಡಲು ಕಲಿತ ಮೇಲೂ ವರ್ಷಗಟ್ಟಲೆ ಓದಲು ಬರಲಿಲ್ಲ. 1986ರಲ್ಲಿ ಆ ನುಡಿಯಲ್ಲೇ ಬರೆದ ಮೊದಲ ಕಾದಂಬರಿ ಯೂರೋಪಿನಲ್ಲೆಲ್ಲ ಹೆಸರಾಯಿತು. ಆದರೂ ಅವರು ಫ್ರೆಂಚನ್ನು ಶತ್ರುಭಾಷೆಯೆಂದೇ ಕರೆದರು, ಅದು ತನ್ನೊಳಗಿನ ತಾಯ್ನುಡಿಯನ್ನು ಕೊಲ್ಲುತ್ತಿದೆಯೆಂಬ ಕಾರಣಕ್ಕೆ. ಅವರ ವಾಕ್ಯಗಳು ಚಿಕ್ಕವು, ಒಣಕಲು, ವಿಶೇಷಣಗಳಿಲ್ಲದವು. ವಿಮರ್ಶಕರು ಅದನ್ನು ಶೈಲಿಯೆಂದು ಹೊಗಳಿದರು. ಕೈಯಲ್ಲಿದ್ದ ಕೆಲವೇ ಪದಗಳಲ್ಲಿ ಸಂಸಾರ ತೂಗಿಸುವ ಬಡವಿಯ ಜಾಣ್ಮೆಯೂ ಅದರಲ್ಲಿದೆಯೆಂದು ನಮಗೆ ತೋರುತ್ತದೆ. ಇಂಥವರನ್ನು ನುಡಿದ್ರೋಹದ ಮಾತಿನಿಂದ ಅಳೆಯಲು ನಮಗೆ ಮನಸ್ಸಾಗದು.

ನಮ್ಮವರೇ ಆದ ಎ. ಕೆ. ರಾಮಾನುಜನ್ನರು ಬೇರೊಂದು ದಾರಿ ತುಳಿದರು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಅವರಿಗೆ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ತಂದೆಯ ಪುಸ್ತಕಗಳ ಮಹಡಿಯಲ್ಲಿ ಇಂಗ್ಲಿಷ್. 1959ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿ, ಇಂಗ್ಲಿಷಿನಲ್ಲಿ ಕವಿಯೆಂದು ಹೆಸರಾದರೂ ಕನ್ನಡವನ್ನು ಬಿಡಲಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ, ‘ಕುಂಟೋಬಿಲ್ಲೆ’ 1990ರಲ್ಲಿ ಬಂದವು. 1973ರ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ಕನ್ನಡವೆಂಬುದೊಂದು ನುಡಿ ಇದೆಯೆಂದೇ ಕೇಳಿರದ ಓದುಗರನ್ನು ತಲುಪಿದವು. ಇದು ಆದರ್ಶವಲ್ಲವೆ ಎಂದರೆ, ಆದರ್ಶವೇ. ಆದರೆ ದಕ್ಷಿಣ ಭಾರತದ ಭಾಷೆಗಳನ್ನೇ ಜೀವನೋಪಾಯವಾಗಿ ಕಲಿಸುವ ಹುದ್ದೆ ಎಷ್ಟು ಮಂದಿ ವಲಸಿಗರಿಗೆ ದಕ್ಕೀತು? ಕ್ರಿಸ್ಟೋಫ್‌ರಿಗೆ ದಕ್ಕಿದ್ದು ಗಡಿಯಾರದ ಕಾರ್ಖಾನೆ.

ಹೊಸ ದೇಶಕ್ಕೆ ಹೋಗಿಯೂ ಹಳೆಯ ನುಡಿಯಲ್ಲೇ ಉಳಿದವರ ಕತೆ ನಮ್ಮಂಥ ಹೊರನಾಡ ಸಂಘಗಳಿಗೆ ಹೆಚ್ಚು ಹತ್ತಿರದ್ದು. ಐಸಾಕ್ ಬಾಶೆವಿಸ್ ಸಿಂಗರ್ 1935ರಲ್ಲಿ ವಾರ್ಸಾದಿಂದ ನ್ಯೂಯಾರ್ಕಿಗೆ ಬಂದರು. ಬರೆಯುತ್ತಿದ್ದದ್ದು ಪೂರ್ವ ಯೂರೋಪಿನ ಯೆಹೂದ್ಯರ ಯಿದ್ದಿಷ್ ನುಡಿಯಲ್ಲಿ. ಬಂದ ಮೇಲೆ ಕೆಲವು ವರ್ಷ ಅವರ ಕತೆಗಾರಿಕೆ ಬತ್ತಿಹೋಗಿತ್ತು. ಸುತ್ತಲ ಹೊಸ ವಸ್ತುಗಳಿಗೆ ಅವರ ನುಡಿಯಲ್ಲಿ ಹೆಸರಿರಲಿಲ್ಲ. ಹೆಸರಿದ್ದ ವಸ್ತುಗಳು ಸುತ್ತ ಇರಲಿಲ್ಲ. ಅಷ್ಟರಲ್ಲಿ ಯುದ್ಧ ಬಂದು, ಆ ನುಡಿಯಾಡುವ ಲಕ್ಷ ಲಕ್ಷ ಜನರನ್ನು ಹಿಟ್ಲರನ ಆಡಳಿತ ಕೊಂದುಹಾಕಿತು. ಸಿಂಗರ್ ಮತ್ತೆ ಬರೆಯತೊಡಗಿದರು, ಯಿದ್ದಿಷಿನಲ್ಲೇ. 1978ರಲ್ಲಿ ನೊಬೆಲ್ ಬಂದಾಗ ಸ್ಟಾಕ್‌ಹೋಮಿನ ವೇದಿಕೆಯಲ್ಲಿ ಆ ನುಡಿಯನ್ನು ಆಡಿ ಕೇಳಿಸಿದರು.

ಇದನ್ನು ಅವರೊಬ್ಬರ ನಿಷ್ಠೆಯೆಂದು ಕೊಂಡಾಡುವುದು ಸುಲಭ. ಆ ನಿಷ್ಠೆಗೆ ಒಂದು ತಳಪಾಯವಿತ್ತೆಂಬುದನ್ನು ಮರೆಯುತ್ತೇವೆ. 1897ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ‘ಫಾರ್ವರ್ಟ್ಸ್’ ಎಂಬ ಯಿದ್ದಿಷ್ ದಿನಪತ್ರಿಕೆ ಅದು. 1920ರ ದಶಕದಲ್ಲಿ ಅದರ ಪ್ರಸಾರ 2 ಲಕ್ಷ ಪ್ರತಿಗಳಿಗೂ ಮೀರಿತ್ತು. ಓದುತ್ತಿದ್ದವರಲ್ಲಿ ಹೆಚ್ಚಿನವರು ಹೊಲಿಗೆ ಕಾರ್ಖಾನೆಗಳ ಕೆಲಸಗಾರರು, ಚಿಕ್ಕಪುಟ್ಟ ಅಂಗಡಿಯವರು. ಸಿಂಗರರ ಕಾದಂಬರಿಗಳು ಕಂತುಕಂತಾಗಿ ಬಂದದ್ದು ಅದರಲ್ಲಿ, ಸಂಭಾವನೆ ಸಿಕ್ಕಿದ್ದೂ ಅದರಿಂದ. ಪರದೇಶದಲ್ಲಿ ಬರಹಗಾರ ತನ್ನ ನುಡಿಯಲ್ಲಿ ಉಳಿಯಬೇಕಾದರೆ ಕಾಸು ಕೊಟ್ಟು ಪತ್ರಿಕೆ ಕೊಂಡು, ಮುಂದಿನ ಕಂತಿಗೆ ಕಾಯುವ ಜನ ಅಲ್ಲಿ ಇರಬೇಕು. ಋಣದ ಲೆಕ್ಕದಲ್ಲಿ ಈ ಪುಟವನ್ನು ನಾವು ತೆರೆಯುವುದೇ ಇಲ್ಲ. ನಮ್ಮ ಸಂಘಗಳಲ್ಲಿ ರಾಜ್ಯೋತ್ಸವದ ಊಟಕ್ಕೆ ಪಂಕ್ತಿ ಸಾಲದು. ವಾಚನಾಲಯದಲ್ಲಿ ಕುರ್ಚಿಗಳು ಖಾಲಿ. ನಾಳೆ ನಮ್ಮಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಕಾದಂಬರಿ ಬರೆದಾಳು. ಆಗ ಓಝೆಶ್ಕೋವಾ ಅವರ ಧಾಟಿಯಲ್ಲಿ ಮಾತೆತ್ತುವವರಿಗೆ, ಆಕೆ ಕನ್ನಡದಲ್ಲಿ ಬರೆದ ಮೊದಲ ಕತೆಯನ್ನು ಓದಿದವರೆಷ್ಟು ಮಂದಿ ಎಂದು ಕೇಳಲು ಅವಳಿಗೂ ಹಕ್ಕಿದೆ.

‘ಫಾರ್ವರ್ಟ್ಸ್’ 1983ರಲ್ಲಿ ವಾರಪತ್ರಿಕೆಯಾಯಿತು. 2019ರಲ್ಲಿ ಅಚ್ಚಾಗುವುದೂ ನಿಂತಿತು. ಈಗೇನಿದ್ದರೂ ಅಂತರ್ಜಾಲದಲ್ಲಿ ಮಾತ್ರ. 1991ರಲ್ಲಿ ತೀರಿಕೊಂಡ ಸಿಂಗರರ ಹಲವು ಧಾರಾವಾಹಿಗಳು ಪುಸ್ತಕರೂಪ ಕಾಣದೆ ಅದರ ಹಳೆಯ ಸಂಚಿಕೆಗಳಲ್ಲೇ ಉಳಿದುಕೊಂಡಿವೆ, ಯಿದ್ದಿಷ್ ಓದಬಲ್ಲವರಿಗಾಗಿ.